ಮಾರ್ಲನ್ ಮಾತು ಬಿಟ್ಟ ಬೇಸಗೆ

ಹೇಳಿಬಿಡಲೇ...? ಹೇಳಿದರೆ ಈ ಮನುಷ್ಯನ ಕೆಲಸ ಹೋಗುತ್ತದೆ. ಹೇಳದಿದ್ದರೆ ಕಾಲೇ ಹೋಗುತ್ತದೆ. ಎರಡರಲ್ಲಿ ಯಾವುದನ್ನು ಉಳಿಸಬೇಕು ಅಂತ ತೀರ್ಮಾನ ಮಾಡೋಕೆ ನಾನ್ಯಾರು?

ವೆಲಿಟಾಳ ಹೆಬ್ಬೆರಳು ಅವನ ಬಲಪಾದದ ಮೇಲೆಯೇ ನಿಂತುಬಿಟ್ಟಿತ್ತು. ಪಾದದ ನಡುವೆ ದೋಣಿಯಂತಿರುವ ಸಣ್ಣ ಮೂಳೆ. ಅಲ್ಲಿ ಒತ್ತಿದಾಗ ಅವನು ಉಸಿರೆತ್ತಲಿಲ್ಲ, ಹುಬ್ಬು ಗಂಟಿಕ್ಕಲಿಲ್ಲ. ಆದರೆ ಕಾಲ್ಬೆರಳುಗಳು ಒಂದರ ಹಿಂದೊಂದು ಮುದುಡಿಕೊಂಡವು.

"ನೋವಿದೆಯಾ?"

"ಇಲ್ಲ."

"ಈಗ?"

"ಇಲ್ಲ ಅಂದ್ನಲ್ಲ!"

ಪರ್ತ್‌ನ ಆ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಅವಳು ಸೇರಿ ಇನ್ನೂ ಒಂದು ಸೀಸನ್ ಮುಗಿದಿರಲಿಲ್ಲ. ಇಬ್ಬರು ಫಿಸಿಯೋಗಳಲ್ಲಿ ಕಿರಿಯವಳು. ಮೈಸೂರಿನಲ್ಲಿ ಓದಿ, ಅಪ್ಪನಿದ್ದ ಮಸ್ಕತ್‌ನಲ್ಲಿ ಎರಡು ವರ್ಷ ದುಡಿದು, ಇಲ್ಲಿಗೆ ಬಂದವಳು. ಮೇಜಿನ ಮೇಲೆ ಮಲಗಿದ್ದವನು ಮಾರ್ಲನ್ ದುಮ್ಲಾವ್. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಫಿಲಿಪಿನೋ. ತಂಡಕ್ಕೆ ಬಂದು ಒಂದು ತಿಂಗಳಾಗಿತ್ತು, ಅವಳ ಕೈಗೆ ಸಿಕ್ಕಿದ್ದು ಇವತ್ತೇ ಮೊದಲು.

"ನೋಡಿ," ಎಂದು ಅವನು ಎದ್ದು ಕೂತ. ದನಿ ತಗ್ಗಿತ್ತು. "ನಾನು ಇಂಪೋರ್ಟ್. ಒಂದು ತಂಡಕ್ಕೆ ಇಷ್ಟೇ ಜನ ವಿದೇಶದವರು ಅಂತ ಲೆಕ್ಕ. ನನ್ನ ಕಾಲು ಸರಿಯಿಲ್ಲ ಅಂತ ನೀವು ಈಗ ಆ ಬಾಗಿಲು ದಾಟಿ ಹೇಳಿದ್ರೆ, ನಾಳೆ ನನ್ನ ಜಾಗಕ್ಕೆ ಇನ್ನೊಬ್ಬ ವಿಮಾನ ಹತ್ತುತ್ತಾನೆ. ನನ್ನ ಲಾಕರ್‌ನಲ್ಲೇ ಅವನ ಬಟ್ಟೆ ಇರುತ್ತೆ."

"ಹೇಳದೇ ಇದ್ರೆ ಈ ಮೂಳೆ ಒಡೆಯುತ್ತೆ."

"ನನ್ನ ಮೂಳೆ ತಾನೇ?"

ಆ ಕಣ್ಣುಗಳಲ್ಲಿ ಬೇಡಿಕೆ ಇರಲಿಲ್ಲ. ಬೇಡಿ ಬೇಡಿ ಸಾಕಾದವರ ಕಣ್ಣು ಹೀಗೇ ಇರುತ್ತದೇನೋ! ವೆಲಿಟಾಳಿಗೆ ಆ ಕ್ಷಣ ಅವನ ಮೇಲೆ ಸಿಟ್ಟು ಬಂತು. ಯಾಕೆ ಎಂದು ತಿಳಿಯದೆ ಕಣ್ಣು ತುಂಬಿಯೂ ಬಂತು.

ಅವಳು ಕೈ ತೊಳೆದು, ಬಾಗಿಲು ದಾಟಿ, ಕೋಚ್‌ಗೆ ನಿಜವನ್ನೇ ಹೇಳಿದಳು.

ಹಿಂತಿರುಗಿ ಬಂದಾಗ ಅವನು ಶೂ ಲೇಸು ಕಟ್ಟುತ್ತಿದ್ದ.

"ನನ್ನ ಟಿಕೆಟ್ ಬುಕ್ ಮಾಡಿಸಿ ಬಂದ್ರಾ?"

ಅವಳು ಮೇಜಿನ ಮೇಲಿನ ಟವೆಲ್ ಮಡಚಿಟ್ಟಳು.

ಆದರೆ ಅವನ ಅದೃಷ್ಟವೋ, ಫೈನಲ್ಸ್ ಹತ್ತಿರವಿದ್ದು ಅಷ್ಟು ಬೇಗ ಬೇರೊಬ್ಬ ಸಿಗಲಿಲ್ಲವೋ... ಕೋಚ್ ಅವನನ್ನು ಕಳಿಸಲಿಲ್ಲ. ಕೆಲವು ಪಂದ್ಯ ಕೂರಿಸಿದರು, ಅಷ್ಟೆ. ದಿನವೂ ಈಜುಕೊಳದಲ್ಲಿ ಅವನನ್ನು ನಡೆಸುವುದು ವೆಲಿಟಾಳ ಪಾಲಿಗೆ ಬಂತು. ಮೊದಲೆರಡು ದಿನ ಅವನು ತುಟಿ ಬಿಚ್ಚಲಿಲ್ಲ. ಮೂರನೆಯ ದಿನ ಒಂದು ಫ್ಲಾಸ್ಕ್ ತಂದು ಅವಳ ಮುಂದಿಟ್ಟ.

"ಏನಿದು?"

"ಸಿನಿಗಾಂಗ್. ಹುಣಸೆಹಣ್ಣು ಹಾಕಿದ ಸಾರು. ಅಪ್ಪನಿಂದ ಕಲಿತದ್ದು. ನಮ್ಮ ಮನೆಯಲ್ಲಿ ಸಾರಿ ಅನ್ನೋ ಮಾತು ಯಾರೂ ಹೇಳಲ್ಲ, ಊಟ ಹಾಕ್ತಾರೆ."

ಅವಳು ಒಂದು ಗುಟುಕು ಕುಡಿದಳು. ಹುಳಿ ನಾಲಗೆಯಿಂದ ಕಿವಿಯವರೆಗೆ ಏರಿತು!

"ಇದಕ್ಕೆ ನಮ್ಮಲ್ಲಿ ಒಂದು ಒಗ್ಗರಣೆ ಬೀಳ್ತಿತ್ತು," ಎಂದಳು.

ಅವನು ನಕ್ಕ. ಮೊದಲ ಸಲ.

* * *

ಆಮೇಲೆ ಅವನು ಮಾತಾಡತೊಡಗಿದ. ನೀರಿನಲ್ಲಿ ಎದೆಮಟ್ಟ ನಿಂತು, ಒಂದೊಂದೇ ಹೆಜ್ಜೆ ಇಡುತ್ತಾ.

ಅಪ್ಪ ಫಿಲಿಪಿನೋ ಊರಾದ ಬಟಾಂಗಾಸ್‌ನಿಂದ ಬಂದು ಅಮೆರಿಕದ ನೌಕಾಪಡೆಯಲ್ಲಿ ಅಡುಗೆ ಮಾಡಿದವರು. ಮಗ ಕಾಲೇಜಿನಲ್ಲಿ ಚೆನ್ನಾಗಿಯೇ ಆಡಿದ. ಆದರೆ ದೊಡ್ಡ ಲೀಗ್‌ನವರು ಆಟಗಾರರನ್ನು ಆರಿಸಿ ಹೆಸರು ಕೂಗುವ ದಿನ ಅವನ ಹೆಸರನ್ನು ಯಾರೂ ಕೂಗಲಿಲ್ಲ. ಎತ್ತರ ಸಾಲದು ಎಂದರು. ಚಿಕ್ಕ ಲೀಗ್, ಬಸ್ಸಿನಲ್ಲಿ ಪ್ರಯಾಣ, ತಣ್ಣಗಿನ ಊಟ. ಆಮೇಲೆ ಮನಿಲಾ. ಅಪ್ಪ ಫಿಲಿಪಿನೋ ಆದ್ದರಿಂದ ಅಲ್ಲಿ ಅವನನ್ನು ಸ್ಥಳೀಯನೆಂದೇ ಲೆಕ್ಕಕ್ಕೆ ಹಿಡಿದರು. ಒಂದು ತಂಡ ಇನ್ನೊಂದು ತಂಡಕ್ಕೆ ಕೊಟ್ಟಿತು, ಅದು ಮತ್ತೊಂದಕ್ಕೆ.

"ಅಮೆರಿಕದಲ್ಲಿ ನನ್ನನ್ನ ಏಷ್ಯನ್ ಅಂದ್ರು. ಮನಿಲಾದಲ್ಲಿ ಅಮೆರಿಕದವನು ಅಂದ್ರು. ಇಲ್ಲಿ ಇಂಪೋರ್ಟ್," ಎಂದ. "ಯಾವತ್ತಾದ್ರೂ ಒಂದಿನ ಯಾರಾದ್ರೂ ಬರೀ ಮಾರ್ಲನ್ ಅಂದ್ರೆ, ಅಲ್ಲೇ ಇದ್ದುಬಿಡ್ತೀನಿ."

"ಮಾರ್ಲನ್," ಎಂದಳು ವೆಲಿಟಾ. ತಮಾಷೆಗೇ ಅಂದದ್ದು.

ಅವನು ನಗಲಿಲ್ಲ. ನೀರಲ್ಲಿ ಹಾಗೇ ನಿಂತು ಅವಳನ್ನು ನೋಡಿದ.

ಆ ಸೀಸನ್ ಮುಗಿದ ಮೇಲೆ ಪರ್ತ್ ತಂಡ ಅವನನ್ನು ಉಳಿಸಿಕೊಳ್ಳಲಿಲ್ಲ. ಅವನು ಮತ್ತೆ ಮನಿಲಾಗೆ ಹೋದ. ವೆಲಿಟಾ ಅಣ್ಣ ವೆಸ್ಲಿಯಿದ್ದ ಬ್ರಿಸ್ಬೇನ್ ಕಡೆ ಹೊರಟಳು. ಪಕ್ಕದ ಇಪ್ಸ್‌ವಿಚ್‌ನ ಆಸ್ಪತ್ರೆಯಲ್ಲಿ ಕೆಲಸ, ಬ್ರಿಸ್ಬೇನ್ ಒಳಗಿನ ಟೂವಾಂಗ್‌ನಲ್ಲಿ ಒಂದು ಪುಟ್ಟ ಬಾಡಿಗೆ ಮನೆ. ನಡುವೆ ಸಮುದ್ರ. ಆದರೂ ದಿನ ತಪ್ಪದೆ ಫೋನಿನಲ್ಲಿ ಅವನ ಮಾತು ಬರುತ್ತಿತ್ತು. ಊಟ ಆಯ್ತಾ ಎಂದು ಮೊದಲು. ಉಳಿದದ್ದೆಲ್ಲ ಆಮೇಲೆ.

೨೦೧೬ರಲ್ಲಿ ಬ್ರಿಸ್ಬೇನ್‌ಗೆ ಮತ್ತೆ ಒಂದು ತಂಡ ಬಂತು. ಮಾರ್ಲನ್ ಅದಕ್ಕೆ ಸಹಿ ಮಾಡಿದ.

"ಏಜೆಂಟ್ ಹುಡುಕಿಕೊಟ್ಟ," ಎಂದ ಫೋನಿನಲ್ಲಿ.

"ಓ! ಏಜೆಂಟ್‌ಗೆ ಟೂವಾಂಗ್ ಎಲ್ಲಿದೆ ಅಂತ ಹೇಗೆ ಗೊತ್ತಾಯ್ತು?"

ಆ ಕಡೆಯಿಂದ ಮೆಲ್ಲಗೆ ನಗು.

ಅವಳ ಬದುಕಿನಲ್ಲಿ ಸುಖ ಎಂದು ಹೆಸರಿಡಬಹುದಾದ ಕಾಲವಿದ್ದರೆ ಅದು ಆ ಕೆಲವು ತಿಂಗಳು. ಭಾನುವಾರ ಬೆಳಿಗ್ಗೆ ಪೂಜೆಗೆ ಚರ್ಚು, ಅಲ್ಲಿಂದ ಸನ್ನಿಬ್ಯಾಂಕ್‌ನ ಏಷ್ಯನ್ ಅಂಗಡಿಗಳು. ಅವನು ಒಣಮೀನು ಮೂಸಿ ನೋಡುವುದು, ಅವಳು ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು. ಎಲ್ಲಿಯ ಬಟಾಂಗಾಸ್, ಎಲ್ಲಿಯ ಉಡುಪಿ ಕಡೆಯ ಅಜ್ಜಿಮನೆ... ಕಾಯಿ ಆರಿಸುವ ರೀತಿ ಮಾತ್ರ ಒಂದೇ!

ಮದುವೆಯ ಮಾತನ್ನು ಇಬ್ಬರೂ ಎತ್ತಿರಲಿಲ್ಲ. ಎತ್ತದೆಯೇ ಅದು ಅವರ ನಡುವೆ ಕೂತಿತ್ತು.

* * *

ಫೆಬ್ರವರಿಯಲ್ಲಿ ಅಮ್ಮ ಬಂದರು. ಐಡಾ, ಮೈಸೂರಿನ ಹುಡುಗಿಯರ ಶಾಲೆಯೊಂದರಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಭಾನುವಾರದ ಊಟಕ್ಕೆ ಮಾರ್ಲನ್‌ನನ್ನು ಕರೆಯಲು ಹೇಳಿದ್ದು ಅವರೇ.

ಅವನು ಬಾಗಿಲಲ್ಲಿ ಶೂ ಬಿಚ್ಚಿ ಒಳಗೆ ಬಂದವನೇ ಅವರ ಕೈಹಿಡಿದು, ಬಗ್ಗಿ, ತನ್ನ ಹಣೆಗೆ ಒತ್ತಿಕೊಂಡ. ಹಿರಿಯರಿಗೆ ಅವರ ಕಡೆಯ ನಮಸ್ಕಾರ ಅದು. ಐಡಾ ಗಾಬರಿಯಾಗಿ ಮಗಳತ್ತ ನೋಡಿದರು. ಆಮೇಲೆ ಮುಖ ಅರಳಿತು.

"ವೆಸ್ಲಿ, ನೋಡ್ಕೋ! ನೀನು ಯಾವತ್ತಾದ್ರೂ ಹೀಗ್ ಮಾಡಿದ್ದುಂಟಾ?"

"ಅಮ್ಮಾ, ಅವ್ನು ಗೆಸ್ಟ್. ನಾನು ಬೆಳಿಗ್ಗೆಯಿಂದ ಮೀನು ಕ್ಲೀನ್ ಮಾಡ್ತಿದೀನಿ. ನಂಗೆ ಯಾರು ನಮಸ್ಕಾರ ಮಾಡ್ತಾರೆ?"

ಕುಚ್ಚಲಕ್ಕಿ ಅನ್ನ, ಮೀನಿನ ಸಾರು. ಮಾರ್ಲನ್ ಕೈಯಲ್ಲೇ ಕಲಸಿಕೊಂಡು ಮೂರು ಸಲ ಬಡಿಸಿಕೊಂಡ. ಐಡಾ ಬಡಿಸುತ್ತಲೇ ತಮಗೆ ಬರುವ ನೇರವಾದ ಇಂಗ್ಲಿಷಿನಲ್ಲಿ ಕೇಳಿದರು.

"ಮಗಾ, ಈ ಆಟ ಇನ್ನೆಷ್ಟು ವರ್ಷ?"

"ಗೊತ್ತಿಲ್ಲ ಆಂಟಿ. ಕಾಲು ಬಿಟ್ಟಷ್ಟು ದಿನ."

"ಆಮೇಲೆ?"

ಅವನು ಅನ್ನ ಕಲಸುವುದನ್ನು ನಿಲ್ಲಿಸಿದ.

"ನಮ್ಮಲ್ಲಿ ಹುಡುಗನ ಮನೆಯವರು ಬಂದು ಮಾತಾಡ್ಬೇಕು. ನಿಮ್ಮ ಅಪ್ಪ..."

ಅವನ ಮುಖ ಬೆಳಗಿತು. ಏನನ್ನೋ ಹೇಳಲು ಬಾಯಿ ತೆರೆದ. ಆದರೆ ವೆಲಿಟಾ ಅದನ್ನು ನೋಡಲಿಲ್ಲ. ಅವಳಿಗೆ ಕಂಡದ್ದು ತಾಯಿಯ ಪ್ರಶ್ನೆಗಳ ಮುಂದೆ ಎಂಜಲು ಕೈಯಲ್ಲಿ ಕೂತ ಅವನು ಮಾತ್ರ. ಇವನನ್ನು ಹೇಗಾದರೂ ಪಾರು ಮಾಡಬೇಕು!

"ಅಮ್ಮಾ, ಪ್ಲೀಸ್! ಹಾಗೆಲ್ಲ ಏನೂ ಇಲ್ಲ," ಎಂದಳು, ಅವನಿಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲೇ. "ಈ ಸೀಸನ್‌ಗೆ ಅವನ ಕಾಂಟ್ರ್ಯಾಕ್ಟ್ ಮುಗಿಯುತ್ತೆ. ಮುಂದಿನ ವರ್ಷ ಎಲ್ಲಿರ್ತಾನೋ ಯಾರಿಗೆ ಗೊತ್ತು?"

ಐಡಾ ಸಾರಿನ ಪಾತ್ರೆಗೆ ಮುಚ್ಚಳ ಹಾಕಿದರು.

ಮಾರ್ಲನ್ ತಟ್ಟೆಯಲ್ಲಿದ್ದ ಅನ್ನವನ್ನು ಪೂರ್ತಿ ಊಟ ಮಾಡಿದ. ಒಂದು ಅಗುಳೂ ಬಿಡಲಿಲ್ಲ. ತಟ್ಟೆ ತೊಳೆದಿಟ್ಟ. ಐಡಾರ ಕೈಯನ್ನು ಮತ್ತೆ ಹಣೆಗೊತ್ತಿಕೊಂಡು, ಬಾಗಿಲಲ್ಲಿ ಬಗ್ಗಿ ಶೂ ಹಾಕಿಕೊಂಡು ಹೋದ.

ಅಂದು ಅವನ ಮೆಸೇಜ್ ಬರಲಿಲ್ಲ.

ಮರುದಿನ ಅವಳು ತಾನೇ ಕೇಳಿದಳು, "ಊಟ ಆಯ್ತಾ?" ಓದಿದ ಗುರುತು ಬಿತ್ತು. ಉತ್ತರ ಬರಲಿಲ್ಲ. ಅದರ ಮರುದಿನ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು.

ಒಂದು ವಾರ. ಮೆಸೇಜ್ ಇಲ್ಲ. ಎರಡು ವಾರ...

"ಏನ್ ಕಥೆ? ಟೂ ಬಿಟ್ಟಿದಾನಾ ನಿನ್ ಹೀರೋ?" ವೆಸ್ಲಿ ಕೆಣಕಿದ. "ಇವತ್ತು ಮಧ್ಯಾಹ್ನ ನಾನು ಆ ಕಡೆ ಹೋಗ್ತಿದೀನಿ, ಡ್ರಾಪ್ ಮಾಡ್ಲಾ? ಹೋಗಿ ಎರಡು ಬೈದು ಬಾ."

"ಬೇಡ."

"ಯಾಕೆ?"

"ಬೇಡ ಅಂದ್ನಲ್ಲ ವೆಸ್ಲಿ!"

ಅವಳಿಗೆ ಗೊತ್ತಿತ್ತು, ಅಥವಾ ಗೊತ್ತು ಎಂದುಕೊಂಡಳು. ಅವಳು ಬೆಳೆದ ಮನೆಗಳಲ್ಲಿ ಯಾರೂ ಬಾಯಿಬಿಟ್ಟು ಬೇಡ ಎನ್ನುವುದಿಲ್ಲ. ಹೆಣ್ಣು ನೋಡಿ, ಕೇಕು ತಿಂದು, ಕಾಫಿ ಕುಡಿದು, ತಿಳಿಸ್ತೀವಿ ಎಂದು ಹೋಗುತ್ತಾರೆ. ಫೋನ್ ಬರದಿದ್ದರೆ ಅದೇ ಉತ್ತರ. ಮತ್ತೆ ಕೇಳಿದರೆ ಹೆಣ್ಣಿನ ಕಡೆಯವರಿಗೆ ಮರ್ಯಾದೆಯಲ್ಲ. ದೊಡ್ಡಪ್ಪನ ಮಗಳು ಇಂದಿರಾಗೆ ಹಾಗೆ ಎಷ್ಟು ಸಲ ಆಗಿತ್ತು! ಪ್ರತಿ ಸಲವೂ ಮನೆಯವರೆಲ್ಲ ಫೋನಿನ ಕಡೆ ನೋಡದಂತೆ ನಟಿಸುತ್ತಾ ಓಡಾಡಿದ್ದರು.

ಅಮ್ಮ ಕೇಳಿದ ಪ್ರಶ್ನೆಗೆ ಅವನು ಉತ್ತರ ಕೊಟ್ಟಿದ್ದಾನೆ. ನಾನು ಅರ್ಥ ಮಾಡಿಕೊಳ್ಳಬೇಕು, ಅಷ್ಟೆ.

ಅವನ ಮನೆ ಟೂವಾಂಗ್‌ನಿಂದ ಒಂದೇ ಬಸ್ಸು. ಆ ಬಸ್ಸು ದಿನಾ ಅವಳ ಬಾಗಿಲ ಮುಂದೆಯೇ ನಿಂತು ಹೋಗುತ್ತಿತ್ತು. ಅವಳು ಹತ್ತಲಿಲ್ಲ.

ಸೀಸನ್ ಮುಗಿಯಿತು. ಮಾರ್ಲನ್ ಅಡಿಲೇಡ್ ತಂಡಕ್ಕೆ ಸಹಿ ಮಾಡಿದನೆಂಬ ಸುದ್ದಿ ಅವಳಿಗೆ ಪತ್ರಿಕೆಯಿಂದ ತಿಳಿಯಿತು, ಎಲ್ಲರಿಗೂ ತಿಳಿದಂತೆ.

* * *

ಎರಡು ವರ್ಷ ಕಳೆದವು. ಕಳೆದವು ಎನ್ನಬೇಕು, ಅಷ್ಟೆ.

ಆಸ್ಪತ್ರೆಯಲ್ಲಿ ಲಿಗಾಯಾ ಎಂಬ ಫಿಲಿಪಿನೋ ನರ್ಸ್ ಇದ್ದಳು. ನಡುವಯಸ್ಸು, ಬಾಯಿ ಜೋರು. ಒಂದು ವಾರ ಗಂಡನ ಜೊತೆ ಮಾತು ಬಿಟ್ಟಿದ್ದೇನೆ ಎಂದು ವಾರ್ಡಿಗೆಲ್ಲ ಸಾರಿಕೊಂಡು ಓಡಾಡಿದಳು. ಒಂದು ಮಧ್ಯಾಹ್ನ ಆ ಗಂಡ ಎನ್ನುವ ಪ್ರಾಣಿ ಹಲಸಿನ ಹಣ್ಣಿನ ಡಬ್ಬಿ ಹಿಡಿದು, ಪೆಚ್ಚುನಗೆ ನಗುತ್ತಾ, ಚಹಾ ಕೋಣೆಯ ಬಾಗಿಲಲ್ಲಿ ಬಂದು ನಿಂತ. ಲಿಗಾಯಾ ಮುಖ ತಿರುಗಿಸಿದಳು. ಅವನು ಕಿವಿಯಲ್ಲಿ ಏನೋ ಅಂದ. ಅವಳು ಫಕ್ಕನೆ ನಕ್ಕುಬಿಟ್ಟಳು!

ಅವನು ಹೋದ ಮೇಲೆ ವೆಲಿಟಾ ಕೇಳಿದಳು. "ಮುಗೀತು, ಬೇಡ ಅವನು ಅಂತಿದ್ರಿ?"

"ಯಾರಂದ್ರು ಮುಗೀತು ಅಂತ? ಅದು ತಾಂಪೋ ಕಣೇ. ನಮ್ಮಲ್ಲಿ ತುಂಬಾ ಬೇಕಾದವರು ಮನಸ್ಸು ನೋಯಿಸಿದ್ರೆ ಜಗಳ ಆಡಲ್ಲ, ಮಾತು ಬಿಡ್ತೀವಿ. ಬೇರೆಯವರ ಮೇಲೆ ಯಾರು ಮುನಿಸ್ಕೋತಾರೆ? ಮುನಿಸ್ಕೊಂಡವರು ಬಾಗಿಲ ಹಿಂದೇನೇ ನಿಂತು ಕಾಯ್ತಿರ್ತಾರೆ. ಹೋಗಿ ಕರೀಬೇಕು. ಒಂದಲ್ಲ, ನಾಲ್ಕು ಸಲ ಕರೀಬೇಕು."

ವೆಲಿಟಾಳ ಕೈಯಲ್ಲಿದ್ದ ಹಲಸಿನ ತೊಳೆ ಕೈಯಲ್ಲೇ ಉಳಿಯಿತು.

"ಕರೀದೇ ಇದ್ರೆ...?"

"ಕರೀದೇ ಇರೋರು ಯಾರು?" ಲಿಗಾಯಾ ಹಣ್ಣು ಬಾಯಿಗೆ ಹಾಕಿಕೊಂಡಳು. "ಪ್ರೀತಿ ಇಲ್ದೋರು."

ಅಂದು ಸಂಜೆಯೇ ಅವಳು ಅಡಿಲೇಡ್‌ಗೆ ಟಿಕೆಟ್ ಕಾಯ್ದಿರಿಸಿದಳು. ಮಾರ್ಲನ್‌ನ ಬಲಪಾದ ಜನವರಿಯ ಪಂದ್ಯದಲ್ಲಿ ಮುರಿದು, ಶಸ್ತ್ರಚಿಕಿತ್ಸೆಯಾಗಿದೆ ಎಂದು ಅವಳು ಓದಿದ್ದಳು. ಓದಿ, ಸ್ನಾನದ ಕೋಣೆಯ ನಲ್ಲಿ ತೆರೆದಿಟ್ಟು ಅತ್ತಿದ್ದಳು. ಹಳೆಯ ಸಹೋದ್ಯೋಗಿಯೊಬ್ಬಳಿಂದ ವಿಳಾಸ ಸಿಕ್ಕಿತು.

* * *

ಅಡಿಲೇಡ್‌ನ ಗ್ಲೆನೆಲ್ಗ್‌ನಲ್ಲಿ, ಸಮುದ್ರಕ್ಕೆ ಎರಡು ಬೀದಿ ಹಿಂದೆ, ತಂಡದವರು ಕೊಟ್ಟ ಮನೆ. ಊರುಗೋಲಿನ ಸದ್ದು ಬಾಗಿಲ ಹತ್ತಿರ ಬಂತು.

ಬಾಗಿಲು ತೆರೆಯಿತು.

ಅವನು ಇಳಿದುಹೋಗಿದ್ದ. ಕಿವಿಯ ಪಕ್ಕದಲ್ಲಿ ಬಿಳಿ ಕೂದಲು. ಹಿಂದೆ ಕೋಣೆಯಲ್ಲಿ ಸೂಟ್‌ಕೇಸುಗಳು ಬಾಯಿ ತೆರೆದು ಬಿದ್ದಿದ್ದವು.

"ವೆಲಿ," ಎಂದ.

"ಕರೆಯೋಕೆ ಬಂದೆ," ಎಂದಳು. ವಿಮಾನದಲ್ಲಿ ಕೂತು ಜೋಡಿಸಿಕೊಂಡಿದ್ದ ಮಾತೆಲ್ಲ ಎಲ್ಲೋ ಹೋಗಿತ್ತು. "ನನಗೆ ಗೊತ್ತಿರ್ಲಿಲ್ಲ ಮಾರ್ಲನ್. ನೀನು ಬಾಗಿಲ ಹಿಂದೆ ನಿಂತಿದ್ದೀಯ ಅಂತ ನನಗೆ ಯಾರೂ ಹೇಳ್ಲಿಲ್ಲ. ನಮ್ಮ ಕಡೆ ಉತ್ತರ ಬರ್ಲಿಲ್ಲ ಅಂದ್ರೆ ಬೇಡ ಅಂತ ಅರ್ಥ. ಮತ್ತೆ ಕೇಳಬಾರ್ದು..."

ಅವನು ಊರುಗೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ.

"ಎರಡು ವರ್ಷ ನಾನು ಬೇಡ ಅಂದೆ ಅಂತ ಅಂದ್ಕೊಂಡಿದ್ಯಾ?"

ಅವಳು ತಲೆಯಾಡಿಸಿದಳು.

"ದೇವರೇ," ಎಂದ ಅವನು. ನಗಲು ಹೋದ, ಆಗಲಿಲ್ಲ. ಗೋಡೆಗೆ ಒರಗಿದ. "ಆವತ್ತು ನಿಮ್ಮಮ್ಮ ಕೇಳಿದ್ರಲ್ಲ. ಅಪ್ಪ ಏಪ್ರಿಲ್‌ಗೆ ಬ್ರಿಸ್ಬೇನ್‌ಗೆ ಬರೋದು ಅಂತ ಆಗಿತ್ತು ವೆಲಿ. ನಮ್ಮಲ್ಲೂ ಹುಡುಗನ ಮನೆಯವರೇ ಹೋಗಿ ಕೇಳೋದು. ಅಡುಗೆ ಮಾಡಿಕೊಂಡು, ಹೊತ್ತುಕೊಂಡು ಹೋಗ್ತಾರೆ. ಸಿನಿಗಾಂಗ್‌ಗೆ ಒಗ್ಗರಣೆ ಹಾಕೋದು ಹೇಗೆ ಅಂತ ನನ್ನ ಹತ್ರ ಕೇಳ್ತಿದ್ರು ಅಪ್ಪ! ಅದನ್ನೇ ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ನೀನು ಹೇಳಿದೆ..."

ಉಳಿದದ್ದು ಅವಳಿಗೆ ನೆನಪಿತ್ತು.

ಮುಂದಿನ ವರ್ಷ ಎಲ್ಲಿರ್ತಾನೋ ಯಾರಿಗೆ ಗೊತ್ತು! ಎಷ್ಟು ಊರುಗಳಲ್ಲಿ, ಎಷ್ಟು ಆಫೀಸುಗಳಲ್ಲಿ ಅವನು ಅದೇ ಮಾತನ್ನು ಕೇಳಿ ಕೈಕುಲುಕಿ ಹೊರಬಂದಿದ್ದನೋ. ಅವಳ ಅಡುಗೆಮನೆಯಲ್ಲೂ ಅದನ್ನೇ ಕೇಳಿದ್ದ.

"ನಿನ್ನನ್ನ ಪಾರು ಮಾಡೋಕೆ ಹೇಳಿದ್ದು ಅದು," ಎಂದಳು. "ಅಮ್ಮನ ಪ್ರಶ್ನೆಯಿಂದ..."

"ಈಗ ಗೊತ್ತಾಯ್ತು."

"ನಾನು ನಿನ್ನನ್ನ ಪ್ರೀತಿಸ್ತೀನಿ. ಆವತ್ತೂ ಪ್ರೀತಿಸ್ತಿದ್ದೆ. ಅದನ್ನ ಊಟದ ಮೇಜಿನ ಮೇಲೆ, ಎಲ್ಲರ ಮುಂದೆ ಹೇಳಬೇಕಿತ್ತು."

ಊರುಗೋಲನ್ನು ಗೋಡೆಗಿಟ್ಟು ಅವನು ಎರಡೂ ಕೈಯಲ್ಲಿ ಅವಳ ಮುಖವನ್ನು ಹಿಡಿದುಕೊಂಡ.

"ನನಗೂ ನೀನಂದ್ರೆ ಅಷ್ಟೇ ಇದೆ. ಸುಳ್ಳು ಹೇಳಲ್ಲ," ಎಂದ. "ಆದ್ರೆ ಆ ಮುನಿಸು, ಆ ಕಾಯೋದು ಯಾವಾಗ ಹೋಯ್ತು ನನಗೇ ಗೊತ್ತಾಗ್ಲಿಲ್ಲ ವೆಲಿ. ಇಲ್ಲಿಗೆ ಬಂದ ಮೇಲೂ ಬಾಗಿಲು ತಟ್ಟಿದ ಸದ್ದಾದ್ರೆ ನೀನೇ ಅಂದ್ಕೋತಿದ್ದೆ. ಒಂದು ಬೆಳಿಗ್ಗೆ ಯಾರೋ ತಟ್ಟಿದ್ರು, ನಾನು ಕೊರಿಯರ್ ಅಂದ್ಕೊಂಡೆ. ಆವತ್ತು ತುಂಬಾ ಅತ್ತೆ."

* * *

ಮಧ್ಯಾಹ್ನ ಇಬ್ಬರೂ ಸಮುದ್ರದ ಕಡೆಗಿನ ಬೆಂಚಿನಲ್ಲಿ ಕೂತರು. ಬಿಸಿಲಿತ್ತು. ಅವನು ಹೇಳಿದ್ದನ್ನು ಅವಳು ಕೇಳಿದಳು. ವೈದ್ಯರು ಇನ್ನು ಆಡುವಂತಿಲ್ಲ ಎಂದಿದ್ದಾರೆ. ಆಟವಿಲ್ಲದೆ ವೀಸಾ ಇಲ್ಲ. ಅಪ್ಪ ಪಾರ್ಶ್ವವಾಯು ಬಡಿದು ಬಟಾಂಗಾಸ್‌ನ ಹಳೆಯ ಮನೆಗೆ ಮರಳಿದ್ದಾರೆ, ನೋಡಿಕೊಳ್ಳಲು ಬೇರೆ ಯಾರೂ ಇಲ್ಲ. ಅಲ್ಲಿನ ಒಂದು ಕಾಲೇಜಿನಲ್ಲಿ ಕೋಚ್ ಕೆಲಸ ಸಿಗಬಹುದು. ಮುಂದಿನ ವಾರ ಹೊರಡುತ್ತಾನೆ.

"ಅಪ್ಪನಿಗೆ ಮಾತು ಹೋಗಿದೆ," ಎಂದ. "ಅಡುಗೆಮನೆ ಕಡೆ ಕೈ ತೋರಿಸ್ತಾರೆ. ನಾನು ಹೋಗಿ ಸಾರು ಮಾಡ್ಬೇಕು."

"ಊರು ಹೇಗಿದೆ?"

"ಚೆನ್ನಾಗಿದೆ. ಆಸ್ಪತ್ರೆ ದೂರ. ರಸ್ತೆ ಕೆಟ್ಟದು. ನಿನ್ನಂಥವರಿಗೆ ಅಲ್ಲಿ ಕೆಲಸ ಇಲ್ಲ."

"ನನ್ನಂಥವರಿಗೆ ಕೆಲಸ ಎಲ್ಲಾದ್ರೂ ಇರುತ್ತೆ."

ಅವನು ಸಮುದ್ರ ನೋಡಿದ.

ಅವಳು ಕಾದಳು. ಒಂದು ಮಾತು ಸಾಕಿತ್ತು. ಇಪ್ಸ್‌ವಿಚ್‌ನ ಕೆಲಸ, ಟೂವಾಂಗ್‌ನ ಮನೆ, ಅಣ್ಣ, ಅಮ್ಮ, ಎಲ್ಲವೂ ಆ ಒಂದು ಮಾತಿನ ಈಚೆ ದಡದಲ್ಲಿದ್ದವು. ಕಳಿಸಿಕೊಟ್ಟಲ್ಲಿಗೆಲ್ಲ ಹೋಗಿ ಅಭ್ಯಾಸವಾದ ಮನುಷ್ಯ ಅವನು. ಇನ್ನೊಬ್ಬರನ್ನು ಅವರ ಊರಿನಿಂದ ಎಬ್ಬಿಸುವ ಮಾತು ಅವನ ಬಾಯಿಗೆ ಸುಲಭಕ್ಕೆ ಬರುವಂಥದ್ದಲ್ಲ...

"ನಾನು ಬರ್ಲಾ?" ಎಂದು ಅವಳೇ ಕೇಳಿಬಿಟ್ಟಳು.

ಅವನು ಅವಳ ಕೈ ತೆಗೆದುಕೊಂಡು ತನ್ನ ಮಡಿಲಲ್ಲಿಟ್ಟುಕೊಂಡ. ಬೆರಳುಗಳನ್ನು ಒಂದೊಂದಾಗಿ ನೇವರಿಸಿದ. ಹೊತ್ತು ಇಳಿಯುವವರೆಗೂ ಬಿಡಲಿಲ್ಲ.

ಟ್ರಾಮ್ ಬಂದಾಗ ಊರುಗೋಲಿನಲ್ಲೇ ಎದ್ದು ಬಾಗಿಲವರೆಗೂ ಬಂದ.

"ತಲುಪಿದ ಮೇಲೆ ಮೆಸೇಜ್ ಹಾಕು, ವೆಲಿ."

"ಹಾಕಿದ್ರೆ ಉತ್ತರ ಕೊಡ್ತೀಯಾ?"

"ಕೊಡ್ತೀನಿ. ಇನ್ನು ಯಾವತ್ತೂ ಕೊಡದೇ ಇರಲ್ಲ."

"ಆಣೆ?"

"ಆಣೆ. ಹತ್ತು, ಕಾಲು ಜಾರೀತು."

ಕೊಟ್ಟ ಮಾತನ್ನು ಅವನು ಉಳಿಸಿಕೊಂಡ. ಬಟಾಂಗಾಸ್‌ನಿಂದ ಪ್ರತಿ ಮೆಸೇಜಿಗೂ ಉತ್ತರ ಬರುತ್ತಿತ್ತು. ಅಪ್ಪ ಇವತ್ತು ಒಂದು ಚಮಚ ಹೆಚ್ಚು ಊಟ ಮಾಡಿದರು ಎಂದು, ಕಾಲೇಜಿನ ಹುಡುಗರು ಸೋತರು ಎಂದು, ಊಟ ಆಯ್ತಾ ಎಂದು. ಅವಳೂ ಬರೆಯುತ್ತಿದ್ದಳು. ಬೆಂಚಿನ ಮೇಲೆ ಕೇಳಿದ್ದನ್ನು ಇನ್ನೊಮ್ಮೆ ಕೇಳಿದಳು, ಮತ್ತೊಮ್ಮೆಯೂ ಕೇಳಿದಳು. ಅವನು ಅಲ್ಲಿಯ ಮಳೆಯ ಬಗ್ಗೆ ಬರೆದ, ಅವಳ ಅಮ್ಮನ ಮಂಡಿನೋವು ವಿಚಾರಿಸಿದ.

ಬಾ ಎಂದು ಮಾತ್ರ ಅವನು ಹೇಳಲಿಲ್ಲ.